ಸಂಜೆಯ ಊಟಕ್ಕೆ ಬೆಳಗಿನ ನಾಷ್ಟಾ

ರಾತ್ರಿಭೋಜನ ತ್ಯಾಗವು ಶ್ರಾವಕರ ಮನೆಯ ಗುರುತು. ಆದರೆ ಅಂಗಡಿಕಾರರ ಮನೆಯಲ್ಲಿ ಅದನ್ನು ನಡೆಸಿಕೊಂಡು ಹೋಗುವುದು ಬಾಯಿಂದ ಹೇಳಿದಷ್ಟು ಸುಲಭವಲ್ಲ. ಗಿರಾಕಿಗಳು ಪೇಟೆಗೆ ಬರುವುದೇ ಸಂಜೆಯ ಹೊತ್ತಿಗೆ. ಸೂರ್ಯನಾದರೋ ಯಾರ ಗಿರಾಕಿಗಾಗಿಯೂ ಕಾಯುವವನಲ್ಲ. ಈ ಎರಡನ್ನೂ ಹೊಂದಿಸಲು ಅಕ್ಕಲಕೋಟೆಯ ನಮ್ಮ ಮನೆತನದಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಪದ್ಧತಿ ನಡೆದು ಬಂದಿದೆ. ಬೇರೆಯವರು ಬೆಳಿಗ್ಗೆ ನಾಷ್ಟಾಕ್ಕೆ ತಿನ್ನುವುದನ್ನು ನಾವು ಸಂಜೆ ಊಟವಾಗಿ ಉಣ್ಣುತ್ತೇವೆ. ಹೊಸ ಬೀಗರು ಬಂದಾಗ, "ಇವರ ಮನೆಯಲ್ಲಿ ಸಂಜೆಗೆ ಬೆಳಗಾಗುತ್ತದೆ" ಎಂದು ನಗುವುದುಂಟು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾ ವ್ರತದ ಐದು ಭಾವನೆಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಆಲೋಕಿತಪಾನಭೋಜನ, ಅಂದರೆ ಬೆಳಕಿನಲ್ಲಿ ಚೆನ್ನಾಗಿ ನೋಡಿ ಉಣ್ಣುವುದು, ಕುಡಿಯುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ 11 ಪ್ರತಿಮೆಗಳನ್ನು ವಿವರಿಸುವಾಗ ರಾತ್ರಿಭೋಜನ ತ್ಯಾಗವನ್ನು ಆರನೆಯದಾಗಿ ಹೇಳಿದ್ದಾರೆ. ಅನ್ನ, ಪಾನ, ಖಾದ್ಯ, ಲೇಹ್ಯ ಈ ನಾಲ್ಕೂ ಅದರಲ್ಲಿ ವರ್ಜ್ಯ. ನೀರು ಕೂಡ ಇಲ್ಲವೆಂದಾಯಿತು.

ಇನ್ನು ಗಡಿಯಾರದ ಲೆಕ್ಕ ನೋಡೋಣ. ನಮ್ಮ ಸೊಲ್ಲಾಪುರದ ಕಡೆ ಜುಲೈ ಮೊದಲ ವಾರದಲ್ಲಿ ಹೊತ್ತು ಮುಳುಗುವುದು ಸುಮಾರು 7-05ಕ್ಕೆ. ನವೆಂಬರ್ ಕೊನೆಯಲ್ಲಿ 5-45ಕ್ಕೇ ಮುಳುಗಿಬಿಡುತ್ತದೆ. ಕಟ್ಟುನಿಟ್ಟಿನವರು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುತ್ತಾರೆ. ಆಗ ಚಳಿಗಾಲದಲ್ಲಿ ಐದು ಗಂಟೆಗೇ ಕೈ ತೊಳೆಯಬೇಕು. ಲಗ್ನಸರಾಯಿಯಲ್ಲಿ ಅರಿವೆ ಅಂಗಡಿ ತುಂಬಿ ನಿಲ್ಲುವುದೂ ಅದೇ ಹೊತ್ತಿಗೆ.

ನಮ್ಮ ತಂದೆಯವರ ಕಾಲದಲ್ಲಿ ಮೊದಲು ಸಂಜೆಗೂ ಪೂರ್ಣ ಅಡಿಗೆಯೇ ಆಗುತ್ತಿತ್ತು. ಹದಿನಾಲ್ಕು ಜನರ ಕೂಡು ಕುಟುಂಬ. ರೊಟ್ಟಿ, ಪಲ್ಯ, ಬೇಳೆ, ಅನ್ನ ಎಲ್ಲವೂ ಬೇಕು. ಗಂಡಸರು ಅಂಗಡಿಯಿಂದ ಒಬ್ಬೊಬ್ಬರಾಗಿ ಬಂದು ಉಂಡು ಹೋಗುತ್ತಿದ್ದರು. ಹುಡುಗರ ಪಂಕ್ತಿ ಆಮೇಲೆ. ಬಡಿಸುವವರ ಪಾಳಿ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ನಮ್ಮ ಅವ್ವ, ಕಾಕಿಯಂದಿರು ಒಂದು ಗುಟುಕು ನೀರೂ ಇಲ್ಲದೆ ಮಲಗಿದ ದಿನಗಳು ಎಷ್ಟೋ. ವ್ರತ ಮನೆಯವರೆಲ್ಲರದು, ಉಪವಾಸ ಮಾತ್ರ ಒಲೆಯ ಮುಂದಿನವರದು!

ಇದನ್ನು ಕಂಡು ಒಂದು ದಿನ ನಮ್ಮ ಆಯಿಯೇ ತೀರ್ಮಾನ ಕೊಟ್ಟರು: "ನಾಳಿಯಿಂದ ಸಂಜಿಗಿ ರೊಟ್ಟಿ ಹಂಚು ಏರಸಬ್ಯಾಡ್ರಿ. ಅವಲಕ್ಕಿ ಹಚ್ರಿ, ಉಪ್ಪಿಟ್ಟು ಮಾಡ್ರಿ. ಮಾಡಿದಾಕಿನೂ ಹೊತ್ತ ಇರೂದ್ರಾಗ ಉಣಬೇಕು." ನಾಷ್ಟಾ ತಿಂದರೆ ಊಟ ಮಾಡಿದಂತಾಗುವುದೇ ಎಂದು ತಂದೆಯವರು ಗೊಣಗಿದರಂತೆ. "ಮಧ್ಯಾಹ್ನ ಹೊಟ್ಟಿ ತುಂಬ ಉಣ್ರಿ, ಯಾರು ಬ್ಯಾಡಂತಾರ?" ಎಂದು ಆಯಿ ಅವರ ಬಾಯಿ ಮುಚ್ಚಿಸಿದರು. ಅಂದಿನಿಂದ ಪೂರ್ಣ ಊಟ ಮಧ್ಯಾಹ್ನಕ್ಕೆ, ಸಂಜೆಗೆ ಹಗುರ ಆಹಾರ.

ನಮ್ಮ ಸಂಜೆಯ ಪದಾರ್ಥಗಳು ಸಾದಾ. ತೆಳು ಅವಲಕ್ಕಿಗೆ ಸಾಸಿವೆ, ಇಂಗು, ಕರಿಬೇವು, ಹಸಿ ಮೆಣಸಿನಕಾಯಿ, ಶೇಂಗಾದ ಒಗ್ಗರಣೆ. ಉಳ್ಳಾಗಡ್ಡಿ, ಬಟಾಟೆ ಇಲ್ಲ. ಮೇಲೆ ಹಸಿ ಕೊಬ್ಬರಿ, ಲಿಂಬೆರಸ ಇದ್ದರೆ ಅವುಗಳ ನೆನಪೂ ಆಗುವುದಿಲ್ಲ. ಆರು ಜನಕ್ಕೆ ಅರ್ಧ ಕಿಲೋ ಅವಲಕ್ಕಿ ಸಾಕು, ಹದಿನೈದು ನಿಮಿಷದ ಕೆಲಸ. ಇನ್ನೊಂದು ದಿನ ನೆನೆಸಿದ ಚುರಮುರಿಗೆ ಪುಠಾಣಿ ಹಿಟ್ಟು ಉದುರಿಸಿದ ಸುಸಲಾ. ಮತ್ತೊಂದು ದಿನ ಜೋಳದ ಹಿಟ್ಟಿಗೆ ಸೌತೆಕಾಯಿ ಹೆರೆದು ಹಾಕಿದ ಥಾಲಿಪಟ್ಟಿ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ. ಗೋಧಿ ಹಿಟ್ಟನ್ನು ಆಗಲೇ ಕಲಿಸಿ ಹುಯ್ದ ದೋಸೆಯೂ ಉಂಟು. ಕಡಲೆ ಹಿಟ್ಟಿನದೇನಾದರೂ ಮಾಡಿದರೆ ದ್ವಿದಳ ದೋಷಕ್ಕಾಗಿ ಅದರ ಜೊತೆ ಮೊಸರು ಬಡಿಸುವುದಿಲ್ಲ.

ಹಿಟ್ಟಿನ ಮರ್ಯಾದೆಯನ್ನೂ ಮನೆಯವರು ನೋಡುತ್ತಾರೆ. ಬೀಸಿದ ಹಿಟ್ಟು ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮಾತ್ರ. ತಂಗಳು ಉಳಿಸುವಂತಿಲ್ಲವಾದ್ದರಿಂದ ಎಷ್ಟು ತಾಟು ಎಂದು ಎಣಿಸಿಯೇ ಅಳತೆ. ವ್ಯಾಪಾರದಲ್ಲಿ ಹಿಸಾಬು ಕಲಿತ ನಮಗೆ ಅಡಿಗೆಮನೆಯ ಈ ಹಿಸಾಬು ನೋಡಿ ಅಭಿಮಾನವೆನಿಸುತ್ತದೆ.

ಈಗ ಕಾಲ ಬದಲಾಗಿದೆ. ಮೊಮ್ಮಕ್ಕಳಿಗೆ ಸಂಜೆ ಟ್ಯೂಶನ್. ಪುಣೆಯಲ್ಲಿ ನೌಕರಿ ಮಾಡುವ ಮಗ ಮನೆ ಸೇರುವುದು ರಾತ್ರಿ ಎಂಟಕ್ಕೆ. "ಇನ್ನು ನಮ್ಮಿಂದಾಗದು" ಎಂದು ಎಷ್ಟೋ ಮನೆಗಳು ವ್ರತವನ್ನೇ ಬಿಟ್ಟವು. ನಮ್ಮಲ್ಲಿ ಉಳಿಸಿದ್ದು ಈ ನಾಷ್ಟಾವೇ. ಥಾಲಿಪಟ್ಟಿ ಆರಿದರೂ ರುಚಿ ಕೆಡುವುದಿಲ್ಲ. ಹಚ್ಚಿದ ಅವಲಕ್ಕಿಯನ್ನು ಡಬ್ಬಿಯಲ್ಲಿ ಒಯ್ಯಬಹುದು. ಮಗ ಆಫೀಸಿನಲ್ಲಿ, ಉಳಿದವರು ಚಹಾ ಕುಡಿಯುವ ಹೊತ್ತಿಗೆ, ತನ್ನ ಡಬ್ಬಿ ತೆಗೆಯುತ್ತಾನೆ. ರೊಟ್ಟಿ, ಪಲ್ಯ, ಬೇಳೆಯ ಊಟವೇ ಬೇಕೆಂದಿದ್ದರೆ ಇದು ಸಾಧ್ಯವಿತ್ತೇ? ಮಲಗುವುದಕ್ಕೆ ಎರಡು-ಮೂರು ತಾಸು ಮೊದಲೇ ಊಟ ಮುಗಿಸಿರಿ ಎಂದು ಡಾಕ್ಟರರೂ ಹೇಳುತ್ತಾರೆ. ನಮಗೆ ಅದು ಬಡ್ಡಿ ಇದ್ದಂತೆ, ಅಸಲು ಮಾತ್ರ ಧರ್ಮವೇ.

ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಈ ವ್ರತ ನಡೆಯುತ್ತಿದ್ದರೆ, ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು, ಅವರು ಎಷ್ಟು ಗಂಟೆಗೆ ಉಣ್ಣುತ್ತಾರೆ ಎಂಬುದನ್ನು ಒಂದು ಸಂಜೆ ನೋಡಿರಿ. ಅವರ ತಾಟು ಖಾಲಿ ಉಳಿಯುತ್ತಿದ್ದರೆ ಅಡಿಗೆಯನ್ನು ಕಡಿಮೆ ಮಾಡಿರಿ, ವ್ರತವನ್ನಲ್ಲ. ಅವಲಕ್ಕಿಯಾದರೂ ಸರಿ, ಮಾಡಿದವರೂ ಕೂಡಿ ಕುಳಿತು ಹಗಲಿನಲ್ಲಿಯೇ ಉಂಡರೆ ಅದೇ ಮೃಷ್ಟಾನ್ನ.