ಕೂಗು ತಲುಪುವ ಜಾಗ ಬೇಕು

ಪೀಣ್ಯದಲ್ಲಿ ಸಂಬಳ ತಡವಾದರೆ ಕಾರ್ಖಾನೆ ಎದುರಿನ ರಸ್ತೆಯಲ್ಲಿ ಘೋಷಣೆ ಕೂಗಬಹುದೇ? ಸಂವಿಧಾನದ 19ನೇ ವಿಧಿ ಮಾತನಾಡುವ, ಶಸ್ತ್ರವಿಲ್ಲದೆ ಶಾಂತಿಯುತವಾಗಿ ಸೇರುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ಸಮಂಜಸ ನಿರ್ಬಂಧ ಹೇರಲೂ ಅವಕಾಶವಿದೆ. 2021ರ ಆದೇಶವೊಂದು ಬೆಂಗಳೂರಿನ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕ್‌ಗೆ ಸೀಮಿತಗೊಳಿಸಿತು. ಆ ಜಾಗ ಹಿಂದೆ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿ ಬಂದಿಗಳಾಗಿದ್ದರು.

ಆಂಬುಲೆನ್ಸ್‌ಗೇ ದಾರಿ ಸಿಗದ ಊರಿನಲ್ಲಿ ರಸ್ತೆ ತಡೆಗೆ ಮಿತಿ ಬೇಕು, ಒಪ್ಪುತ್ತೇನೆ. ಆದರೆ ಶಿಫ್ಟ್ ಬಿಟ್ಟು, ನಾಗಸಂದ್ರದಲ್ಲಿ ಮೆಟ್ರೊ ಹತ್ತಿ, ಅಷ್ಟು ದೂರ ಹೋಗಿ ಕೂಗಿದರೆ ಇಲ್ಲಿನ ಮಾಲೀಕರಿಗೆ ಕೇಳಿಸೀತೇ? ಕೈಗಾರಿಕಾ ಪ್ರದೇಶಕ್ಕೊಂದು ಮೈದಾನ ಗುರುತಿಸಿದರೆ ಸಂಚಾರಕ್ಕೂ ಅಡ್ಡಿಯಿಲ್ಲ, ಕಾರ್ಮಿಕರ ಮಾತೂ ಮುಟ್ಟಬೇಕಾದವರಿಗೆ ಮುಟ್ಟುತ್ತದೆ. ನೀವೇನಂತೀರಿ?