ಹೊಗೆಯ ಮುಂದೆ ಕುಳಿತ ಐವರು

ನೀರಿನ ದಂಡೆಯಲ್ಲಿ ಐವರು ಯುವಜನರು ಬಿಸಿಲಿಗೆ ಮೈಯೊಡ್ಡಿ ಕುಳಿತಿದ್ದಾರೆ. ಏನೋ ಮಾತು ನಡೆದಿದೆ. ಯಾರ ಭಂಗಿಯಲ್ಲೂ ಅವಸರವಿಲ್ಲ, ಗಾಬರಿಯಿಲ್ಲ. ಅವರ ಬೆನ್ನ ಹಿಂದೆ, ನೀರಿನಾಚೆಯ ದಡದಲ್ಲಿ, ನಿರ್ಮಲವಾದ ನೀಲಿ ಆಕಾಶಕ್ಕೆ ದಟ್ಟ ಹೊಗೆ ಏಳುತ್ತಿದೆ.

ಇದು 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ತೆಗೆದ ಚಿತ್ರ. ಆ ಹೊಗೆ ವಿಶ್ವ ವಾಣಿಜ್ಯ ಕೇಂದ್ರದ್ದು. ಅಂದಿನ ದಾಳಿಗಳಲ್ಲಿ ಸತ್ತವರು ಸುಮಾರು 3,000 ಮಂದಿ. ಚಿತ್ರ ತೆಗೆದವರು 1936ರಲ್ಲಿ ಮ್ಯೂನಿಕ್‌ನಲ್ಲಿ ಜನಿಸಿದ ಜರ್ಮನ್ ಛಾಯಾಗ್ರಾಹಕ ಥಾಮಸ್ ಹೋಪ್ಕರ್. ಕಾರಿನಲ್ಲಿ ಹೋಗುತ್ತಿದ್ದ ಅವರು ಇಳಿದು ಮೂರು ಬಾರಿ ಕ್ಯಾಮೆರಾ ಕ್ಲಿಕ್ಕಿಸಿ, ಆ ಐವರೊಡನೆ ಮಾತನಾಡದೆ ಮುಂದಕ್ಕೆ ಹೋದರು.

ಹೋಪ್ಕರ್ ಈ ಚಿತ್ರವನ್ನು ಕೂಡಲೇ ಹೊರಗೆ ಬಿಡಲಿಲ್ಲ. ಅವರಿದ್ದ ಮ್ಯಾಗ್ನಂ ಸಂಸ್ಥೆ ಅದೇ ವರ್ಷ ಘಟನೆಯ ಬಗ್ಗೆ ಪುಸ್ತಕ ತಂದಾಗಲೂ ಇದನ್ನು ಅದರಲ್ಲಿ ಸೇರಿಸಲಿಲ್ಲ. ಊರೇ ಶೋಕದಲ್ಲಿದ್ದಾಗ ಇಂಥ ನೋಟ ಜನರನ್ನು ಗೊಂದಲಕ್ಕೆ ದೂಡೀತು ಎಂಬುದು ಅವರ ಅಳುಕು. 2006ರಲ್ಲಿ ಡೇವಿಡ್ ಫ್ರೆಂಡ್ ಅವರ ಪುಸ್ತಕದಲ್ಲಿ ಅದು ಪ್ರಕಟವಾದಾಗ ವಾದ ಶುರುವಾಯಿತು.

'ನ್ಯೂಯಾರ್ಕ್ ಟೈಮ್ಸ್' ಅಂಕಣಕಾರ ಫ್ರಾಂಕ್ ರಿಚ್ ಅವರಿಗೆ ಇದರಲ್ಲಿ ಕಂಡದ್ದು ಅಮೆರಿಕದ ಸ್ವಭಾವ. ಈ ಐವರು ಕಲ್ಲೆದೆಯವರೇ ಆಗಬೇಕಿಲ್ಲ. ಎಂಥ ಆಘಾತವನ್ನೂ ಬೇಗ ಹಿಂದಕ್ಕೆ ಬಿಟ್ಟು ಮುನ್ನಡೆಯುವ ದೇಶದ ಮಕ್ಕಳು ಎಂದು ಅವರು ಬರೆದರು. 'ಸ್ಲೇಟ್' ಪತ್ರಿಕೆಯ ಡೇವಿಡ್ ಪ್ಲಾಟ್ಜ್ ಇದನ್ನು ಒಪ್ಪಲಿಲ್ಲ. ವಿಪತ್ತು ಬಂದಾಗ ಜನ ಒಟ್ಟಿಗೆ ಕುಳಿತು ಮಾತನಾಡುವುದು ಸಹಜ, ಇಲ್ಲಿ ಆಗುತ್ತಿರುವುದೂ ಅದೇ ಎಂದ ಅವರು, ಚಿತ್ರದಲ್ಲಿದ್ದವರೇ ಮುಂದೆ ಬಂದು ಹೇಳಲಿ ಎಂದರು.

ಅವರಲ್ಲಿ ಇಬ್ಬರು ಮುಂದೆ ಬಂದೇಬಿಟ್ಟರು. ತಾವೆಲ್ಲ ಆಘಾತದಲ್ಲಿದ್ದೆವು, ಆಗಷ್ಟೇ ನಡೆದದ್ದರ ಬಗ್ಗೆಯೇ ಮಾತನಾಡುತ್ತಿದ್ದೆವು ಎಂದು ಒಬ್ಬ ಯುವಕ ಬರೆದ. ಛಾಯಾಗ್ರಾಹಕ ನಾಲ್ಕು ಹೆಜ್ಜೆ ನಡೆದು ಬಂದು ಕೇಳಿದ್ದರೆ ತಿಳಿಯುತ್ತಿತ್ತು ಎಂಬುದು ಅವನ ದೂರು. ಶವಸಂಸ್ಕಾರಕ್ಕೆ ಬಂದವರನ್ನೂ ಒಂದು ಕ್ಷಣದ ಚಿತ್ರ ಔತಣಕ್ಕೆ ಬಂದವರಂತೆ ತೋರಿಸಬಲ್ಲದು ಎಂದೂ ಅವನು ಹೇಳಿದ. ಈ ಮಾತು ಯಾವ ಊರಿನವರಿಗೂ ಅರ್ಥವಾಗುವಂಥದು. ಸಾವಿನ ಮನೆಯ ಜಗಲಿಯಲ್ಲಿ ಕುಳಿತವರೂ ನಡುವೆ ಕಾಫಿ ಕುಡಿಯುತ್ತಾರೆ, ಬಸ್ಸಿನ ಹೊತ್ತು ವಿಚಾರಿಸುತ್ತಾರೆ, ಹಳೆಯದೊಂದು ನೆನಪಿಗೆ ನಗುವುದೂ ಉಂಟು. ಆ ನಗೆಯನ್ನಷ್ಟೇ ಸೆರೆಹಿಡಿದರೆ ದುಃಖ ಸುಳ್ಳಾಗುವುದಿಲ್ಲ.

ಈ ಚಿತ್ರದ ಜೊತೆಗೆ ಹಲವರಿಗೆ ನೆನಪಾಗುವುದು ಬ್ರಸೆಲ್ಸ್‌ನ ವಸ್ತುಸಂಗ್ರಹಾಲಯದಲ್ಲಿರುವ, ಬ್ರೂಗೆಲ್ ಹೆಸರಿನ ಒಂದು ವರ್ಣಚಿತ್ರ. 16ನೇ ಶತಮಾನದ ಬ್ರೂಗೆಲ್‌ನ ಮೂಲಕೃತಿ ಕಳೆದುಹೋಗಿದೆ, ಇದು ಅದರ ಪ್ರತಿ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಮೇಣದ ರೆಕ್ಕೆ ಕಟ್ಟಿಕೊಂಡು ಹಾರಿದ ಗ್ರೀಕ್ ಪುರಾಣದ ಇಕಾರಸ್ ಸಮುದ್ರಕ್ಕೆ ಬಿದ್ದು ಮುಳುಗುತ್ತಿದ್ದಾನೆ. ಕಾಣುವುದು ಎರಡು ಕಾಲು ಮಾತ್ರ. ಮುಂಭಾಗದಲ್ಲಿ ರೈತನೊಬ್ಬ ತಲೆ ಎತ್ತದೆ ಹೊಲ ಉಳುತ್ತಿದ್ದಾನೆ. ರೋಮನ್ ಕವಿ ಓವಿಡ್ ಹೇಳುವ ಕಥೆಯಲ್ಲಿ ಇದೇ ರೈತ ಹಾರುವವರನ್ನು ಕಂಡು ಬೆರಗಾಗುತ್ತಾನೆ. ಅವನು ನೋಡಲೇ ಇಲ್ಲ ಎಂದು ಬದಲಿಸಿದ್ದು ಚಿತ್ರಕಾರ.

ವ್ಯತ್ಯಾಸ ಇರುವುದು ಇಲ್ಲೇ. ಚಿತ್ರಕಾರ ತನ್ನ ರೈತನ ಮನಸ್ಸನ್ನು ತಾನೇ ನಿರ್ಧರಿಸಬಲ್ಲ. ಆ ರೈತ ಅವನ ಕಲ್ಪನೆಯ ಕೂಸು. ಛಾಯಾಗ್ರಾಹಕನ ಮುಂದೆ ಇರುವವರು ಜೀವಂತ ಮನುಷ್ಯರು. ಕ್ಯಾಮೆರಾ ಸೆಕೆಂಡಿನ ಒಂದಂಶವನ್ನಷ್ಟೇ ಹಿಡಿಯುತ್ತದೆ. ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಹಾಳೆಯ ಮೇಲೆ ತಂದು ಕೂರಿಸುತ್ತದೆ. ಆ ಕ್ಷಣದ ಹಿಂದುಮುಂದಿನ ಮಾತು, ಮೌನ, ಕಣ್ಣೀರು ಅದರಲ್ಲಿ ಉಳಿಯುವುದಿಲ್ಲ. ಹಾಗೆ ಬಿಟ್ಟುಹೋದದ್ದನ್ನು ತುಂಬುವವನು ನೋಡುಗ. ಒಬ್ಬನು ನಿರ್ದಯತೆಯನ್ನು ತುಂಬುತ್ತಾನೆ, ಇನ್ನೊಬ್ಬ ಬದುಕಿನ ಹಟವನ್ನು.

ಹೋಪ್ಕರ್ 2024ರಲ್ಲಿ ತೀರಿಕೊಂಡರು. ಆ ದಿನದ ಅತಿ ಚರ್ಚಿತ ಚಿತ್ರಗಳಲ್ಲಿ ಇದೂ ಒಂದಾಗಿ ಉಳಿದಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ಇಲ್ಲಿ ಪ್ರಮಾಣಿಸಲು ಬೇಕಿದ್ದದ್ದು ನಾಲ್ಕು ಹೆಜ್ಜೆಯ ನಡಿಗೆ ಮತ್ತು ಒಂದು ಪ್ರಶ್ನೆ. ಅದು ನಡೆಯದೆ ಹೋದದ್ದರಿಂದ, ಐದು ವರ್ಷದ ಬಳಿಕ ಆ ಐವರಲ್ಲಿ ಇಬ್ಬರು ತಮಗೂ ದುಃಖವಾಗಿತ್ತು ಎಂದು ಜಗತ್ತಿಗೆ ಹೇಳಿಕೊಳ್ಳಬೇಕಾಯಿತು.