ಗಣಕಜಾಲಗಳ ಎರಡು ಮಾರ್ಗನಿರ್ಣಯ ಪದ್ಧತಿಗಳು

ಗಣಕಜಾಲದಲ್ಲಿ ಸಂದೇಶದ ಪೊಟ್ಟಣಗಳು ಯಾವ ದಾರಿಯಲ್ಲಿ ಸಾಗತಕ್ಕವೆಂಬುದನ್ನು ರೂಟರ್ ಎಂಬ ಯಂತ್ರಗಳು ನಿರ್ಣಯಿಸುವುವು. ಒಂದೇ ಆಡಳಿತಕ್ಕೆ ಒಳಪಟ್ಟ ಜಾಲಗಳಲ್ಲಿ ಇದಕ್ಕಾಗಿ ಓಎಸ್‌ಪಿಎಫ್ ಮತ್ತು ಐಎಸ್-ಐಎಸ್ ಎಂಬ ಎರಡು ಪ್ರೊಟೊಕಾಲುಗಳು, ಎಂದರೆ ನಿಯಮಸಂಹಿತೆಗಳು, ವಿಶೇಷವಾಗಿ ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆ ಸಹಜವೇ. ಇವೆರಡರ ಗಣಿತ ಒಂದೇ ಆಗಿದ್ದು, ಭೇದವು ಮುಖ್ಯವಾಗಿ ಅವುಗಳ ಹುಟ್ಟಿನ ಇತಿಹಾಸದಿಂದ ಬಂದುದೆಂದು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಎರಡೂ ಲಿಂಕ್-ಸ್ಟೇಟ್, ಅರ್ಥಾತ್ ಕೊಂಡಿಸ್ಥಿತಿ, ಪದ್ಧತಿಗೆ ಸೇರಿದುವು. ಇದರಲ್ಲಿ ಪ್ರತಿಯೊಂದು ರೂಟರೂ ತನ್ನ ನೆರೆಯ ರೂಟರುಗಳು ಯಾವುವು, ಅವುಗಳನ್ನು ಮುಟ್ಟಲು ತಗಲುವ ವೆಚ್ಚವೆಷ್ಟು ಎಂಬುದನ್ನು ಪ್ರಕಟಿಸುವುದು. ಆ ಪ್ರಕಟಣೆ ಒಂದರಿಂದೊಂದಕ್ಕೆ ದಾಟಿ ಜಾಲದಲ್ಲೆಲ್ಲ ಹಬ್ಬುವುದು. ಹೀಗೆ ಎಲ್ಲ ರೂಟರುಗಳಲ್ಲಿಯೂ ಒಂದೇ ಭೂಪಟ ಸಿದ್ಧವಾಗಿ, ಡೈಕ್‌ಸ್ಟ್ರಾ ಅವರು 1959ರಲ್ಲಿ ಪ್ರಕಟಿಸಿದ ಕ್ರಮದಂತೆ ಪ್ರತಿಯೊಂದೂ ತನ್ನಿಂದ ಹೊರಡುವ ಅತ್ಯಲ್ಪ ವೆಚ್ಚದ ದಾರಿಗಳನ್ನು ಎಣಿಸಿಕೊಳ್ಳುವುದು. ಭೂಪಟಗಳಲ್ಲಿ ಭೇದ ಬಂದರೆ ಪೊಟ್ಟಣಗಳು ಗುರಿ ಸೇರದೆ ಸುತ್ತುತ್ತಿರುವ ಅಪಾಯವುಂಟು.

ಪ್ರಕಟಣೆಗಳ ನಂಬಿಕೆ ಕೆಟ್ಟರೆ ಏನಾಗುವುದೆಂಬುದಕ್ಕೆ ಚಾರಿತ್ರಿಕ ನಿದರ್ಶನವಿದೆ. ಅಮೆರಿಕದ ಅರ್ಪಾನೆಟ್ ಜಾಲವು 1979ರಲ್ಲಿ ಈ ಪದ್ಧತಿಯನ್ನು ಅಳವಡಿಸಿಕೊಂಡಿತು. 1980ರ ಅಕ್ಟೋಬರ್ 27ರಂದು ಆ ಜಾಲ ಕೆಲವು ಗಂಟೆಗಳ ಕಾಲ ನಿಷ್ಪ್ರಯೋಜಕವಾಯಿತು. ಪ್ರಕಟಣೆಗಳಲ್ಲಿ ಹೊಸದಾವುದು, ಹಳೆಯದಾವುದು ಎಂದು ತಿಳಿಯಲು 0ಯಿಂದ 63ರವರೆಗಿನ ಕ್ರಮಸಂಖ್ಯೆಗಳು ಗಡಿಯಾರದ ಅಂಕಿಗಳಂತೆ ಸುತ್ತುತ್ತಿದ್ದುವು. ಯಂತ್ರದೋಷದಿಂದ ಬಿಟ್ಟುಗಳು ಬಿದ್ದುಹೋಗಿ, ಒಂದೇ ಮೂಲದ ಪ್ರಕಟಣೆಗಳು 44, 40, 8 ಎಂಬ ಮೂರು ಸಂಖ್ಯೆಗಳನ್ನು ಹೊತ್ತು ಏಕಕಾಲದಲ್ಲಿ ಹರಡಿದುವು. 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು. ಸುತ್ತಿನ ನಿಯಮದಂತೆ 44ಕ್ಕಿಂತ 8 ಹೊಸದು. ಹೀಗೆ ಮೂರೂ ಒಂದನ್ನೊಂದು ಅಟ್ಟುತ್ತ ಯಂತ್ರಗಳ ಶಕ್ತಿಯನ್ನೆಲ್ಲ ನುಂಗಿದುವು. ಇಂದಿನ ಎರಡು ಸಂಹಿತೆಗಳಲ್ಲಿಯೂ ಕ್ರಮಸಂಖ್ಯೆ 32 ಬಿಟ್ಟುಗಳದಾಗಿದ್ದು, ಸುತ್ತಿ ಬರದೆ ನೇರವಾಗಿ ಏರುವುದು; ಪ್ರಕಟಣೆಗೆ ಆಯುರ್ಮಿತಿಯೂ ಚೆಕ್‌ಸಮ್ ಎಂಬ ತಾಳೆಸಂಖ್ಯೆಯೂ ಉಂಟು.

ಇನ್ನು ಭೇದಗಳನ್ನು ನೋಡೋಣ. ಐಎಸ್-ಐಎಸ್ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಡೆಕ್‌ನೆಟ್ ಜಾಲಕ್ಕಾಗಿ ರೂಪುಗೊಂಡು, ಅಂತರರಾಷ್ಟ್ರೀಯ ಮಾನಕಸಂಸ್ಥೆಯ ಓಎಸ್‌ಐ ಸಂಹಿತೆಗಳೊಳಗೆ ಸೇರಿ, 1992ರಲ್ಲಿ 10589ನೆಯ ಮಾನಕವಾಯಿತು. ಇಂಟರ್‌ನೆಟ್ಟಿನ ಐಪಿಗೂ ಅದು ಒದಗುವ ಬಗೆಯನ್ನು ರಾಸ್ ಕ್ಯಾಲನ್ ಅವರು 1990ರಲ್ಲಿ ನಿರೂಪಿಸಿದ್ದರು. ಓಎಸ್‌ಪಿಎಫ್ ಆದರೋ ಐಪಿಗಾಗಿಯೇ ಹುಟ್ಟಿದುದು. ಅದರ ಮೊದಲ ಆವೃತ್ತಿ 1989ರಲ್ಲಿ, ಎರಡನೆಯದು 1991ರಲ್ಲಿ, ಜಾನ್ ಮಾಯ್ ಅವರ ಸಂಪಾದನೆಯಲ್ಲಿ ಹೊರಬಂದುವು.

ಆದಕಾರಣ ಓಎಸ್‌ಪಿಎಫ್ ಸಂದೇಶಗಳು ಐಪಿ ಪೊಟ್ಟಣಗಳ ಒಳಗೆ ಸಾಗುವುವು. ಐಎಸ್-ಐಎಸ್ ಸಂದೇಶಗಳು ಐಪಿಯನ್ನು ಆಶ್ರಯಿಸದೆ ಕೊಂಡಿಯ ಮೇಲೆಯೇ ಸಾಗುವುವು. ದೂರದಿಂದ ಐಪಿ ಪೊಟ್ಟಣ ಕಳುಹಿ ಎರಡನೆಯದನ್ನು ಕೆಡಿಸುವುದು ಇದರಿಂದ ಕಷ್ಟವಾಗುವುದು. ಎರಡನೆಯದಾಗಿ, ಜಾಲವನ್ನು ವಲಯಗಳಾಗಿ ವಿಭಜಿಸಿದಾಗ ಓಎಸ್‌ಪಿಎಫ್‌ನಲ್ಲಿ ಗಡಿಯು ರೂಟರಿನ ನಡುವೆಯೇ ಹಾದು, ಇತರ ವಲಯಗಳೆಲ್ಲ 0 ಎಂಬ ಬೆನ್ನೆಲುಬು ವಲಯಕ್ಕೆ ಹತ್ತಿಕೊಂಡಿರಬೇಕಾಗುವುದು. ಐಎಸ್-ಐಎಸ್‌ನಲ್ಲಿ ರೂಟರು ಇಡಿಯಾಗಿ ಒಂದು ವಲಯಕ್ಕೆ ಸೇರಿದ್ದು, ಗಡಿಯು ಎರಡು ರೂಟರುಗಳ ನಡುವಣ ಕೊಂಡಿಯ ಮೇಲೆ ಬೀಳುವುದು. ಮೂರನೆಯದಾಗಿ, ಐಪಿಯ ಆರನೆಯ ಆವೃತ್ತಿಗಾಗಿ ಓಎಸ್‌ಪಿಎಫ್‌ಗೆ 1999ರಲ್ಲಿ ಮೂರನೆಯ ಆವೃತ್ತಿಯನ್ನೇ ರಚಿಸಬೇಕಾಯಿತು. ಐಎಸ್-ಐಎಸ್ ಹಲವು ಜಾತಿಯ ವಿಳಾಸಗಳನ್ನು ಹೊರುವಂತೆ ರಚಿತವಾದುದರಿಂದ ಅದಕ್ಕೆ ಕೆಲವು ಹೊಸ ಅಂಕಣಗಳ ಸೇರ್ಪಡೆಯೇ ಸಾಕಾಯಿತು.

ಓಎಸ್‌ಐ ಸಂಹಿತೆಗಳು ಒಟ್ಟಿನಲ್ಲಿ ಟಿಸಿಪಿ-ಐಪಿಯ ಮುಂದೆ ಹಿಂದೆ ಸರಿದುವು. ಆದರೂ ಅವುಗಳೊಳಗಿನ ಐಎಸ್-ಐಎಸ್ ಇಂದಿಗೂ ಅನೇಕ ದೊಡ್ಡ ಸೇವಾಸಂಸ್ಥೆಗಳ ಬೆನ್ನೆಲುಬು ಜಾಲಗಳಲ್ಲಿ ಇಂಟರ್‌ನೆಟ್ಟಿನ ಪೊಟ್ಟಣಗಳಿಗೆ ದಾರಿ ತೋರುತ್ತಿದೆ. ಉದ್ಯಮಗಳ ಜಾಲಗಳಲ್ಲಿ ಓಎಸ್‌ಪಿಎಫ್‌ನ ಬಳಕೆಯೇ ಹೆಚ್ಚು. ಆದುದರಿಂದ ಒಂದನ್ನು ಉತ್ತಮ, ಇನ್ನೊಂದನ್ನು ಅಧಮವೆನ್ನುವುದು ಯುಕ್ತವಲ್ಲ. ಜಾಲದ ವಿಸ್ತಾರ, ಅದು ಹೊರಬೇಕಾದ ವಿಳಾಸಗಳು, ಅದನ್ನು ನಡೆಸುವವರ ಪರಿಚಯ, ಈ ಮೂರನ್ನೂ ತೂಗಿ ಆಯ್ಕೆ ಮಾಡತಕ್ಕದ್ದೆಂದು ನಮ್ಮ ಅಭಿಪ್ರಾಯ.